ಸಿಂಗರ್ ಎಂಬ ಸ್ಟೇಷನ್ನು

ಗ್ಲಾಸ್ಗೋ
ಫೆಬ್ರುವರಿ 3

ಪ್ರೀತಿಯ ಅವ್ವನಿಗೆ,

ಸಾಷ್ಟಾಂಗ ನಮಸ್ಕಾರಗಳು. ನಾವಿಬ್ಬರೂ ಕ್ಷೇಮ. ದಿನವೂ ಫೋನು ಮಾಡುವವಳು ಕಾಗದ ಯಾಕೆ ಬರೆದಳೆಂದು ಅಪ್ಪ ಗಾಬರಿಯಾಗುವುದು ಬೇಡ. ಫೋನಿನಲ್ಲಿ ನೀನು ನಡುವೆ "ಊಟ ಆಯಿತೇ" ಎಂದು ಕೇಳುತ್ತೀ, ಹೇಳಬೇಕಾದದ್ದು ಅಲ್ಲಿಗೇ ಉಳಿಯುತ್ತದೆ. ಇದು ಹೊಲಿಗೆಯ ಸಂಗತಿ, ನಿಧಾನವಾಗಿಯೇ ಹೇಳಬೇಕು.

ನವೆಂಬರಿನಲ್ಲಿ ಇಲ್ಲಿಯ ಹಳೆ ಸಾಮಾನಿನ ಅಂಗಡಿಯೊಂದರಲ್ಲಿ 25 ಪೌಂಡಿಗೆ ಒಂದು ಸಿಂಗರ್ ಮಷೀನು ತಂದೆ. ಕೈಯಿಂದ ತಿರುಗಿಸುವುದು, ಕಪ್ಪು ಮೈ, ಅಜ್ಜಿಯ ಮಷೀನಿನಂಥದ್ದೇ ಬಂಗಾರದ ಬಳ್ಳಿ. ಚಳಿಗಾಲದಲ್ಲಿ ಸಂಜೆ ನಾಲ್ಕಕ್ಕೆಲ್ಲ ಕತ್ತಲಾಗುವ ಊರಿದು. ಟಿವಿಗಿಂತ ಅದರ ಖಟಖಟವೇ ವಾಸಿ. ದಿಂಬಿನ ಚೀಲ, ಪರದೆ, ಇವರ ಪೈಜಾಮ ಎಲ್ಲ ಆಯಿತು.

ಜನವರಿ 25ಕ್ಕೆ ಎದುರು ಮನೆಯ ಅಜ್ಜಿ ಊಟಕ್ಕೆ ಕರೆದರು. ಅಂದು ಇಲ್ಲಿಯ ಕವಿ ರಾಬರ್ಟ್ ಬರ್ನ್ಸ್ ಹುಟ್ಟಿದ ದಿನ. 1759ರಲ್ಲಿ ಹುಟ್ಟಿದವನಿಗಾಗಿ ಈಗಲೂ ಮನೆಮನೆಯಲ್ಲಿ ಎಲೆ ಹಾಕುತ್ತಾರೆ ಎನ್ನು. ಬಂದವರೆಲ್ಲ ಟಾರ್ಟನ್, ಅಂದರೆ ಇಲ್ಲಿಯ ಚೌಕಳಿ ಉಣ್ಣೆ ಬಟ್ಟೆ, ಏನಾದರೂ ತೊಟ್ಟಿರಬೇಕೆಂಬುದು ಅಜ್ಜಿಯ ಕಟ್ಟಪ್ಪಣೆ. "ನಾನೊಂದು ಜಂಪರ್ ಹೊಲಿದುಕೊಳ್ಳುತ್ತೇನೆ" ಎಂದೆ. ಅವರು ಕಣ್ಣು ಕಿರಿದು ಮಾಡಿ, "ಜಂಪರನ್ನು ಯಾರಾದರೂ ಹೊಲಿಯುತ್ತಾರೆಯೇ? ಹೆಣೆಯುವುದು" ಎಂದರು. ಇಲ್ಲಿ ಜಂಪರ್ ಎಂದರೆ ಸ್ವೆಟರ್! ಬ್ಲೌಸ್ ಎಂದು ಬಿಡಿಸಿ ಹೇಳುವಷ್ಟರಲ್ಲಿ ಚಹಾ ಆರಿತ್ತು.

ಅವ್ವಾ, ಚೌಕಳಿ ಬಟ್ಟೆಯ ಕಷ್ಟ ಕೇಳಬೇಡ. ಖಣದ ಹಾಗೆ ಕತ್ತರಿಸಿ ಹಚ್ಚುವಂತಿಲ್ಲ. ಬಗಲಿನಲ್ಲಿ ಮುಂದಿನ ಗೆರೆಗೆ ಹಿಂದಿನ ಗೆರೆ ಕೂಡಲೇಬೇಕು, ಒಂದು ದಾರದಷ್ಟು ಸರಿದರೂ ಮೈಯೇ ಸೊಟ್ಟ ಕಾಣುತ್ತದೆ. ಮುಕ್ಕಾಲು ಮೀಟರಿನಲ್ಲಿ ಮುಗಿಯಬೇಕಾದ್ದಕ್ಕೆ ಒಂದೂಕಾಲು ಮೀಟರು ಹೋಯಿತು. ಗುಂಡುಪಿನ್ನು ಚುಚ್ಚಿ ಹೊಲಿದೆ, ಉಣ್ಣೆ ಸೂಜಿಯ ಕೆಳಗೆ ಜಾರಿತು, ಬಿಚ್ಚಿದೆ. ಮತ್ತೆ ಹೊಲಿದೆ, ಮತ್ತೆ ಬಿಚ್ಚಿದೆ. ಕಡೆಗೆ ನೀನು ಹೇಳುತ್ತಿದ್ದೆಯಲ್ಲ, ಮೊದಲು ಕೈಯಲ್ಲಿ ಕಚ್ಚಾ ಹೊಲಿಗೆ ಹಾಕು ಎಂದು, ಹಾಗೆಯೇ ಗೆರೆಗೆ ಗೆರೆ ಹಿಡಿದು ಬಿಳಿ ದಾರದಲ್ಲಿ ಹಾಕಿಕೊಂಡೆ. ಆಮೇಲೆ ಮಷೀನು ಸರಳವಾಗಿ ಓಡಿತು. ಹಸಿರು ಇಳಕಲ್ ಸೀರೆಯ ಮೇಲೆ ಕೆಂಪು ಚೌಕಳಿ. ಅತ್ತಿಗೆಗೆ ಫೋಟೊ ಕಳಿಸಿದ್ದೇನೆ, ನೋಡು. ಎಡಗೈ ತೋಳಿನ ಹತ್ತಿರ ನೋಡಬೇಡ.

ಊಟ ಬಲು ಗಮ್ಮತ್ತು. ಹ್ಯಾಗಿಸ್ ಎಂದು ಅವರ ಮುಖ್ಯ ಅಡುಗೆ, ಕುರಿಯ ಗುಂಡಿಗೆ, ಯಕೃತ್ತು, ಶ್ವಾಸಕೋಶಗಳನ್ನು ಓಟ್ಸಿನೊಂದಿಗೆ ಬೆರೆಸಿ ಕುರಿಯ ಹೊಟ್ಟೆಯಲ್ಲಿ ತುಂಬಿ ಬೇಯಿಸುವುದು. ಹೆದರಬೇಡ, ನಮಗೆ ಬೇಳೆ, ಗಜ್ಜರಿ, ಅಣಬೆಯ ಸಸ್ಯಾಹಾರಿ ಹ್ಯಾಗಿಸ್ ಇತ್ತು. ಮೆಣಸು ಮುಂದಾದ ಒರಟು ನುಚ್ಚು ಎಂದುಕೋ. ಜೊತೆಗೆ ಅರೆದ ಗಡ್ಡೆ, ಅರೆದ ಆಲೂಗಡ್ಡೆ. ಅಜ್ಜಿಯ ಮಗ ಎದ್ದು ನಿಂತು, ಬರ್ನ್ಸ್ ಆ ಹ್ಯಾಗಿಸನ್ನೇ ಉದ್ದೇಶಿಸಿ ಬರೆದ ಪದ್ಯ ಓದುತ್ತ ಓದುತ್ತ ಚಾಕು ಎತ್ತಿ ಅದರ ಹೊಟ್ಟೆಗೆ ಇರಿದ. ಆಯುಧಪೂಜೆಯ ದಿನ ಅಪ್ಪ ಬೂದುಗುಂಬಳ ಒಡೆಯುವಾಗಿನ ಮುಖವೇ! ಇನ್ನು ಆರು ದಿನಕ್ಕೆ, 31ಕ್ಕೆ, ಧಾರವಾಡದಲ್ಲಿ ಬೇಂದ್ರೆಯಜ್ಜನ ಹುಟ್ಟುಹಬ್ಬ ಎಂದು ನೆನಪಾಯಿತು. ಸಾಧನಕೇರಿಯಲ್ಲಿ ಭಾಷಣ ಒಂದೆರಡು ಕಡಿಮೆ ಮಾಡಿ ರೊಟ್ಟಿ, ಎಣ್ಣೆಗಾಯಿ ಬಡಿಸಿದರೆ ನಾನಂತೂ ಬರುತ್ತೇನೆ. ಹ್ಯಾಗಿಸ್ ಮೇಲೆ ವಿಸ್ಕಿ ಸುರಿಯುತ್ತಾರೆ. ಇವರು ತಮ್ಮದರ ಮೇಲೆ ಎಷ್ಟು ಸುರಿದುಕೊಂಡರೆಂದು ಅಪ್ಪನಿಗೆ ಹೇಳುವುದು ಬೇಡ.

ಅಜ್ಜಿಯ ಉಪಕಾರಕ್ಕೆಂದು ಮುಂದಿನ ಶನಿವಾರ ಸೌಕಿಹಾಲ್ ಬೀದಿಯ ವಿಲ್ಲೋ ಚಹಾ ಕೋಣೆಗೆ ಕರೆದುಕೊಂಡು ಹೋದೆವು. 1903ರದ್ದು, ಮ್ಯಾಕಿಂಟಾಶ್ ಎಂಬ ವಾಸ್ತುಶಿಲ್ಪಿ ಕುರ್ಚಿಯ ಬೆನ್ನಿನವರೆಗೂ ತಾನೇ ರೂಪಿಸಿದ ಜಾಗ. ಮೂರು ಅಂತಸ್ತಿನ ತಟ್ಟೆಯಲ್ಲಿ ಬೆರಳುದ್ದದ ಸ್ಯಾಂಡ್‌ವಿಚ್, ಸ್ಕೋನ್, ಕೇಕು. ಚಂದಕ್ಕೆ ಕೊರತೆಯಿಲ್ಲ. ಹೊರಬಂದು ಇವರು "ಈಗ ಊಟಕ್ಕೆ ಎಲ್ಲಿ?" ಎಂದರು. ಆ ಗಳಿಗೆಗೆ ಒಂದು ಪೊಟ್ಟಣ ಗಿರ್ಮಿಟ್, ಎರಡು ಮಿರ್ಚಿ ಸಿಕ್ಕಿದ್ದರೆ!

ಕಾಗದ ಬರೆದದ್ದು ನಿಜವಾಗಿ ಇದಕ್ಕೆ. ಅಲ್ಲಿ ಚಹಾ ಹೀರುತ್ತ ಅಜ್ಜಿ ಹೇಳಿದರು, ಅವರ ತಂದೆ ಸಿಂಗರ್ ಕಾರ್ಖಾನೆಯಲ್ಲಿ ಸೂಜಿ ಮಾಡುವ ವಿಭಾಗದಲ್ಲಿದ್ದರಂತೆ. ಕಾರ್ಖಾನೆ ಇದ್ದದ್ದು ಪಕ್ಕದ ಕ್ಲೈಡ್‌ಬ್ಯಾಂಕಿನಲ್ಲಿ. ನಿನ್ನೆ ಹೋಗಿಬಂದೆ, ರೈಲಿನಲ್ಲಿ ಅರ್ಧ ಗಂಟೆಯ ದಾರಿ. ಸ್ಟೇಷನ್ನಿನ ಹೆಸರೇ ಸಿಂಗರ್. ಇಳಿದು ಹುಡುಕಿದರೆ ಕಾರ್ಖಾನೆಯ ಸುಳಿವಿಲ್ಲ, 1980ರಲ್ಲೇ ಮುಚ್ಚಿದೆ. ಊರಿಗೆಲ್ಲ ಕಾಣುತ್ತಿದ್ದ ಗಡಿಯಾರದ ಗೋಪುರವನ್ನು ಅದಕ್ಕೂ ಮೊದಲೇ ಕೆಡವಿದ್ದಾರೆ. ಬೋರ್ಡಿನ ಕೆಳಗೆ ಮಳೆಯಲ್ಲಿ ನಿಂತು ಮುಂದಿನ ರೈಲು ಕಾದೆ.

ಈಗ ನೀನೊಂದು ಕೆಲಸ ಮಾಡು. ನಮ್ಮ ಅಜ್ಜಿ ಹುಬ್ಬಳ್ಳಿಯ ದುರ್ಗದಬೈಲಿನಿಂದ ತಂದ ಮಷೀನಿನ ಮೇಲಿನ ಕ್ರೋಷಾ ಬಟ್ಟೆ ತೆಗೆ. ಬಲಗಡೆ, ಕೈಚಕ್ರದ ಬುಡದಲ್ಲಿ, ಕಬ್ಬಿಣದ ಮೇಲೆ ಇಂಗ್ಲಿಷ್ ಅಕ್ಷರ, ಅಂಕಿ ಒತ್ತಿರುತ್ತಾರೆ. ಎಣ್ಣೆ ಜಿಡ್ಡು ಕಟ್ಟಿದ್ದರೆ ಸೀಮೆಎಣ್ಣೆ ಹಚ್ಚಿ ಒರೆಸು. ಎರಡು ಅಕ್ಷರವಿದ್ದು ಮೊದಲನೆಯದು ಇ (E) ಆಗಿದ್ದರೆ ಅದು ಇಲ್ಲಿಯದೇ. ಕನ್ನಡಕ ಹಾಕಿಕೊಂಡೇ ಓದು, ಎಂಟನ್ನು ಮೂರು ಎಂದು ಬರೆಯಬೇಡ.

ಎದುರು ಮನೆಯ ಅಜ್ಜಿಗೆ ಗುಳೇದಗುಡ್ಡದ ಖಣ ಎರಡು ಬೇಕು, ಬರುವವರ ಕೈಯಲ್ಲಿ ಕಳಿಸು. ಅವರು ಅದರಿಂದ ದಿಂಬಿನ ಚೀಲ ಹೊಲಿಯುತ್ತಾರಂತೆ. ಬೈಯಬೇಡ.

ನಿನ್ನ ಮಗಳು