ದುಂಡುಮೇಜಿಗೆ ಕಪ್ಪು ಯೋಧ ಹೊಸಬನಲ್ಲ

ಮಾನ್ಯರೇ,

ಬ್ರಿಟನ್ನಿನ ದಂತಕಥೆಗಳ ನಾಯಕ ಆರ್ಥರ್ ದೊರೆಯ, ದುಂಡುಮೇಜಿನ ಸುತ್ತ ಕೂರುವ ಅವನ ಯೋಧರ ಕಥೆಯನ್ನು ತೆರೆಗೆ ತರುವವರು ಕಪ್ಪು ವರ್ಣದ ನಟರಿಗೆ ಯೋಧರ ಪಾತ್ರ ಕೊಟ್ಟು ಇತಿಹಾಸಕ್ಕೆ ಅಪಚಾರ ಮಾಡುತ್ತಿದ್ದಾರೆಂದು ಇದೇ ಅಂಕಣದಲ್ಲಿ ಓದುಗರೊಬ್ಬರು ಸಿಟ್ಟಾಗಿದ್ದರು. ಬಹಳ ವರ್ಷ ಇತಿಹಾಸ ಪಾಠ ಹೇಳಿದ ನನಗೆ ಸುಮ್ಮನಿರಲಾಗಲಿಲ್ಲ.

13ನೆಯ ಶತಮಾನದ ಡಚ್ ಕಾವ್ಯವೊಂದರ ನಾಯಕ ಮೋರಿಯನ್. ಆರ್ಥರನ ಆಸ್ಥಾನದ ಅಗ್ಲೋವೇಲ್‌ಗೆ ಮೂರ್ ಎಂಬ ಆಫ್ರಿಕಾ ಮೂಲದ ಜನಾಂಗದ ರಾಜಕುಮಾರಿಯಲ್ಲಿ ಹುಟ್ಟಿದವನು. ಹಲ್ಲು ಬಿಟ್ಟರೆ ಉಳಿದಂತೆ ಪೂರಾ ಕಪ್ಪು ಎಂದು ಕವಿಯೇ ವರ್ಣಿಸುತ್ತಾನೆ. ತಂದೆಯನ್ನು ಹುಡುಕಿಕೊಂಡು ಬಂದ ಈ ಹುಡುಗ ಆರ್ಥರನ ಹೆಸರಾಂತ ಯೋಧ ಲ್ಯಾನ್ಸ್‌ಲಾಟ್‌ನ ಎದುರೇ ಕತ್ತಿ ಹಿರಿದು ನಿಲ್ಲುತ್ತಾನೆ. ಇಂಗ್ಲಿಷಿನಲ್ಲೇ ಬೇಕೆಂದರೆ 1485ರಲ್ಲಿ ಕ್ಯಾಕ್ಸ್‌ಟನ್ ಅಚ್ಚುಹಾಕಿದ ಮ್ಯಾಲರಿಯ ಆರ್ಥರ್ ಕಥಾಕೃತಿಯಲ್ಲಿ ಸರಾಸೆನ್, ಅಂದರೆ ಮುಸ್ಲಿಂ ನಾಡಿನ ವೀರ ಪಾಲಮೈಡೀಸ್ ಇದ್ದಾನೆ. ಹೊರಗಿನವರು ಸೇರಿಸಿದ್ದು ಲೆಕ್ಕಕ್ಕಿಲ್ಲ ಎನ್ನುವಿರೋ? ಹಾಗಾದರೆ ದುಂಡುಮೇಜನ್ನೇ ಎತ್ತಿ ಬೀದಿಗಿಡಬೇಕಾಗುತ್ತದೆ. ಅದು ಮೊದಲು ಕಾಣಿಸಿಕೊಳ್ಳುವುದು 1155ರ ಸುಮಾರಿಗೆ ನಾರ್ಮನ್ ಕವಿ ವಾಸ್ ಫ್ರೆಂಚಿನಲ್ಲಿ ಬರೆದ ಕಾವ್ಯದಲ್ಲಿ. ಲ್ಯಾನ್ಸ್‌ಲಾಟ್‌ನನ್ನು ರಾಣಿಯ ಪ್ರೇಮಿಯಾಗಿಸಿದವನೂ ಫ್ರೆಂಚ್ ಕವಿಯೇ. ಅಷ್ಟೇಕೆ, ಆರ್ಥರನೇ ಇಂಗ್ಲಿಷರವನಲ್ಲ. ಇಂಗ್ಲಿಷರ ಪೂರ್ವಿಕರಾದ ಸ್ಯಾಕ್ಸನ್ನರನ್ನು ಬಡಿದಟ್ಟಿದನೆಂದೇ ಅವನಿಗೆ ಕೀರ್ತಿ! ಇಂಗ್ಲೆಂಡಿನ ಪುರಾತನ ಕಲ್ಲುಕಂಬಗಳ ವೃತ್ತವಾದ ಸ್ಟೋನ್‌ಹೆಂಜ್‌ನ ಬಂಡೆಗಳಿಗೂ ಇಂಥದೇ ಕಥೆಯಿದೆ. ದೈತ್ಯರು ಅವನ್ನು ಆಫ್ರಿಕಾದಿಂದ ಐರ್ಲೆಂಡಿಗೆ ಹೊತ್ತು ತಂದಿದ್ದರಂತೆ, ಮಾಂತ್ರಿಕ ಮರ್ಲಿನ್ ಅಲ್ಲಿಂದ ಸಾಗಿಸಿದನಂತೆ. ಇದನ್ನು ಬರೆದವನು 12ನೆಯ ಶತಮಾನದ ಮನ್‌ಮತ್‌ನ ಜೆಫ್ರಿ.

ಕಥೆ ಹಾಗಿರಲಿ, ಇತಿಹಾಸಕ್ಕೇ ಬರೋಣ. 7ನೆಯ ಶತಮಾನದಲ್ಲಿ ಇಂಗ್ಲೆಂಡಿನ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆಗಿದ್ದ ಥಿಯೋಡೋರ್ ಇಂದಿನ ಟರ್ಕಿಯ ತಾರ್ಸಸ್ ಊರಿನವನು. ಅವನ ಜೊತೆಗೂಡಿ ಕ್ಯಾಂಟರ್ಬರಿಯ ಶಿಷ್ಯರಿಗೆ ಗ್ರೀಕ್, ಲ್ಯಾಟಿನ್ ಕಲಿಸಿದ ಮಠಾಧಿಪತಿ ಹೇಡ್ರಿಯನ್ ಆಫ್ರಿಕಾ ಮೂಲದವನೆಂದು ಆ ಕಾಲದ ಇಂಗ್ಲಿಷ್ ಇತಿಹಾಸಕಾರ ಬೀಡ್ ಬರೆದಿಟ್ಟಿದ್ದಾನೆ. ಮೈಬಣ್ಣದ ಸುದ್ದಿಗೇ ಹೋಗಿಲ್ಲ; ಅವನಿಗೆ ಬೇಕಾಗಿದ್ದುದು ಹೇಡ್ರಿಯನ್ನನ ಪಾಂಡಿತ್ಯ. 8ನೆಯ ಶತಮಾನದಲ್ಲಿ ಇಂಗ್ಲೆಂಡಿನ ಮರ್ಸಿಯಾ ರಾಜ್ಯದ ರಾಜ ಆಫಾ ಟಂಕಿಸಿದ ಚಿನ್ನದ ನಾಣ್ಯದಲ್ಲಿ ಅರಬ್ಬಿ ಅಕ್ಷರಗಳ ನಡುವೆ ಅವನ ಹೆಸರಿದೆ. 1330ರಿಂದ 1550ರವರೆಗಿನ ದಾಖಲೆಗಳನ್ನು ಜಾಲಾಡಿದ ವಿದ್ವಾಂಸರಿಗೆ ಇಂಗ್ಲೆಂಡಿನಲ್ಲಿ ನೆಲೆಸಿದ್ದ ಹೊರನಾಡಿಗರ 64,000ಕ್ಕೂ ಹೆಚ್ಚು ಹೆಸರುಗಳು ಸಿಕ್ಕಿವೆ. ಎಲ್ಲರನ್ನೂ ಚೆನ್ನಾಗಿ ನೋಡಿಕೊಂಡರೆಂದಲ್ಲ; 1290ರಲ್ಲಿ ಯಹೂದಿಗಳನ್ನು ಸಾರಾಸಗಟಾಗಿ ಹೊರಗಟ್ಟಿದ ದೇಶವೂ ಅದೇ.

ಅಲ್ಲಿನ ಬಹುಪಾಲು ಜನ ಬಿಳಿಯರೇ ಆಗಿದ್ದರೆಂಬುದನ್ನು ಒಪ್ಪುತ್ತೇನೆ. ಆದರೆ 6ನೆಯ ಶತಮಾನದವನೆನ್ನುವ ಆರ್ಥರನಿಗೆ ಸಿನಿಮಾದವರು 15ನೆಯ ಶತಮಾನದ ಉಕ್ಕಿನ ಕವಚ ತೊಡಿಸಿದಾಗ, ಇತಿಹಾಸ ಕೆಟ್ಟಿತೆಂದು ಯಾರೂ ಸಂಪಾದಕರಿಗೆ ಪತ್ರ ಬರೆದದ್ದನ್ನು ನಾನು ಕಂಡಿಲ್ಲ.

— ನಿವೃತ್ತ ಇತಿಹಾಸ ಉಪನ್ಯಾಸಕ, ಧಾರವಾಡ