ತಾರೀಖು ತಪ್ಪಿತೆಂದು ಹೆದರಿದ ಅಮೃತಾಳಿಗೆ

ಚಿ. ಅಮೃತಾಳಿಗೆ ಅತ್ತೆಯ ಆಶೀರ್ವಾದಗಳು.

ನಿನ್ನ ಪತ್ರದ ಒಂದೇ ಸಾಲು ನಿದ್ದೆ ಕೆಡಿಸಿತು: ‘ಮನಶ್ಶಾಸ್ತ್ರಜ್ಞರ ವರದಿಯೇ ನನ್ನ ಕಕ್ಷಿದಾರೆಯನ್ನು ಸುಳ್ಳುಬುರುಕಿ ಮಾಡಿಬಿಟ್ಟರೆ?’ ಆಶ್ರಯ ಕೋರಿದ ಅರ್ಜಿಯಲ್ಲಿ ಬಂಧನ ಆದದ್ದು ಸೆಪ್ಟೆಂಬರಿನಲ್ಲಿ, ವರದಿಯ ಕರಡಿನಲ್ಲಿ ಮೇ. ಹೆದರಿಕೆ ಸುಮ್ಮನೆ ಅಲ್ಲ. ಅಮೆರಿಕದ 2005ರ ರಿಯಲ್ ಐಡಿ ಕಾಯ್ದೆಯ ನಂತರ, ಪ್ರಕರಣದ ತಿರುಳಿಗೆ ತಾಗದ ಚಿಲ್ಲರೆ ವ್ಯತ್ಯಾಸವನ್ನು ಹಿಡಿದೂ ವಲಸೆ ನ್ಯಾಯಾಧೀಶರು ‘ನಂಬಲಾಗದು’ ಎನ್ನಬಹುದು.

ಆದರೆ ನಿನ್ನ ಕಕ್ಷಿದಾರೆ ಇಥಿಯೋಪಿಯಾದವಳಲ್ಲವೇ? ಅಲ್ಲಿಯ ಪಂಚಾಂಗಕ್ಕೆ 13 ತಿಂಗಳು. ವರ್ಷ ಹುಟ್ಟುವುದು ಸೆಪ್ಟೆಂಬರಿನಲ್ಲಿ. ಇಸವಿ ಏಳೆಂಟು ವರ್ಷ ಹಿಂದೆ. ಒಂಬತ್ತನೇ ತಿಂಗಳು ಗಿನ್ಬೊತ್ ಶುರುವಾಗುವುದು ಮೇ 9ಕ್ಕೆ. ಅವಳು ‘ಒಂಬತ್ತನೇ ತಿಂಗಳು’ ಎಂದದ್ದನ್ನು ಅರ್ಜಿ ತುಂಬಿದವರು ಸೆಪ್ಟೆಂಬರ್ ಎಂದುಕೊಂಡರೇ, ಮೊದಲು ನೋಡು. ಹಾಗಿದ್ದರೆ ತಪ್ಪು ಅನುವಾದದ್ದು. ಅದನ್ನು ಆಘಾತದಿಂದಾದ ಮರೆವು ಎಂದು ತೇಪೆ ಹಾಕಬೇಡ; ಪಾಟೀಸವಾಲಿನಲ್ಲಿ ಆ ತೇಪೆ ಕಿತ್ತು ಬಂದರೆ ನಿಜವಾದ ಕಾಯಿಲೆಯನ್ನೂ ಯಾರೂ ನಂಬರು.

ನಿಜಕ್ಕೂ ಮರೆವೇ ಆಗಿದ್ದರೆ? ಮತ್ತೆ ಅದೇ ಹೆದರಿಕೆಗೇ ಬಂದೆ. ಆಘಾತದ ನಂತರದ ಕಾಯಿಲೆಯಲ್ಲಿ ಘಟನೆಯ ಮುಖ್ಯ ಭಾಗವೇ ನೆನಪಿಗೆ ಬಾರದಿರುವುದೂ ಒಂದು ಲಕ್ಷಣ. ಆದರೆ ಕಾಯಿಲೆಯ ಹೆಸರು ಬರೆದರೆ ಸಾಲದು. ಯಾವ ಭಾಗ ಮಸುಕು, ತಲೆಗೆ ಪೆಟ್ಟು ಬಿದ್ದಿತ್ತೇ, ಪ್ರಜ್ಞೆ ತಪ್ಪಿತ್ತೇ, ಇದನ್ನೆಲ್ಲ ವರದಿ ಬಿಡಿಸಿ ಹೇಳಬೇಕು. ವಲಸೆ ಮೇಲ್ಮನವಿ ಮಂಡಳಿಯ 2015ರ ಜೆ-ಆರ್-ಆರ್-ಎ ತೀರ್ಪು ಜೊತೆಗಿಟ್ಟುಕೋ: ಮಾನಸಿಕ ಸಮಸ್ಯೆಯಿಂದ ಸಾಕ್ಷ್ಯ ಏರುಪೇರಾಗಿರಬಹುದು ಎನಿಸಿದರೆ, ಅರ್ಜಿದಾರರು ತಾವು ಹೇಳಿದ್ದನ್ನು ಮನಸಾರೆ ನಂಬಿದ್ದಾರೆ ಎಂದು ನ್ಯಾಯಾಧೀಶರು ಸಾಮಾನ್ಯವಾಗಿ ಒಪ್ಪಬೇಕು.

ವಕೀಲರು ಎರಡು ವರ್ಷಕ್ಕೆ 24 ಗಂಟೆ ಕಲಿಕೆ ತುಂಬಿಸಬೇಕಾದ ನಿಮ್ಮ ನ್ಯೂಯಾರ್ಕಿನ ತರಗತಿಯಲ್ಲಿ, ಆಘಾತದ ಲಕ್ಷಣ ಅಳೆಯುವ ಪಿಸಿಎಲ್-5 ಪ್ರಶ್ನಾವಳಿಯ ಬಗ್ಗೆ ಹೇಳಿದರೆಂದು ಬರೆದಿದ್ದೀಯ. 20 ಪ್ರಶ್ನೆ, 80 ಅಂಕ. 31–33 ದಾಟಿದರೆ ಕಾಯಿಲೆ ಇದ್ದೀತೆಂಬ ಸುಳಿವು, ಅಷ್ಟೇ. ಅಂಕಕ್ಕಿಂತ ಮಾತಿನ ಅಳತೆ ಮುಖ್ಯ. ಚಿತ್ರಹಿಂಸೆಯ ಗುರುತು ದಾಖಲಿಸಲು ವಿಶ್ವಸಂಸ್ಥೆ ಹೊರತಂದ ಕೈಪಿಡಿ ಇಸ್ತಾಂಬುಲ್ ಪ್ರೋಟೋಕಾಲ್ ಹೇಳುವಂತೆ, ಲಕ್ಷಣಗಳು ಅವಳ ಹೇಳಿಕೆಗೆ ‘ಹೊಂದುತ್ತದೆ’, ‘ಬಹಳವಾಗಿ ಹೊಂದುತ್ತದೆ’ ಎನ್ನಬಹುದು. ‘ಇವಳು ನಿಜ ಹೇಳುತ್ತಿದ್ದಾಳೆ’ ಎಂದು ಬರೆದರೆ ಅದು ನ್ಯಾಯಾಧೀಶರ ಕುರ್ಚಿಯಲ್ಲಿ ಕೂತಂತೆ.

ಮೊದಮೊದಲು ನಾನೂ ಬರೆದುಕೊಡುತ್ತಿದ್ದ ಇಂಥ ಮನಶ್ಶಾಸ್ತ್ರದ ವರದಿಗಳಲ್ಲಿ ಇಡೀ ಘಟನೆಯನ್ನು ತಾರೀಖು ಸಮೇತ ಮತ್ತೆ ಬರೆದಿಡುತ್ತಿದ್ದೆ. ಅದು ಎದುರಿನ ವಕೀಲರಿಗೆ ಕೈಗೆ ಕೊಟ್ಟ ಬಡಿಗೆ ಎಂದು ತಡವಾಗಿ ತಿಳಿಯಿತು, ಈಗಲೂ ಚುಚ್ಚುತ್ತದೆ. ಘಟನೆ ಚುಟುಕಾಗಿರಲಿ, ಲಕ್ಷಣಗಳು ವಿವರವಾಗಿರಲಿ.

ವಕೀಲೆ ನೀನು, ಅಧಿಕಪ್ರಸಂಗ ಅನ್ನಿಸಿದರೆ ಬಿಡು. ತಜ್ಞರಿಗೆ ಅರ್ಜಿ, ಹಳೆಯ ಸಂದರ್ಶನದ ಪ್ರತಿ ಎರಡನ್ನೂ ಮೊದಲೇ ಕೊಡು. ದುಭಾಷಿ ಮನೆಯವರಾಗುವುದು ಬೇಡ. ಕರಡಿನಲ್ಲಿ ಸಂಗತಿಯ ತಪ್ಪನ್ನಷ್ಟೇ ತೋರಿಸು, ಅಭಿಪ್ರಾಯ ಮುಟ್ಟಬೇಡ. ವ್ಯತ್ಯಾಸವನ್ನು ಮುಚ್ಚಿಡದೆ ಪೂರಕ ಹೇಳಿಕೆಯಲ್ಲಿ ಅವಳಿಂದಲೇ ವಿವರಣೆ ಕೊಡಿಸು.

ಮತ್ತೆ ಆ ಎರಡು ತಾರೀಖು. ಅವಳ ಬಾಯಿಗೆ ತಿಂಗಳ ಹೆಸರು ನೀನು ಹಾಕಬೇಡ. ಹಿಡಿದೊಯ್ದಾಗ ಸುತ್ತಮುತ್ತ ಯಾವ ಹಬ್ಬ ಇತ್ತು, ದೊಡ್ಡ ಮಳೆ ಇನ್ನೂ ಬರಬೇಕಿತ್ತೇ, ಮುಗಿಯುತ್ತಾ ಬಂದಿತ್ತೇ, ಅಷ್ಟು ಕೇಳು. ಏನೆಂದಳು ಅಂತ ಬರೆ.

ನಿನ್ನ ಅತ್ತೆ