ನೆಟ್ ಬಾರದ ದಿನಕ್ಕೂ ಯಾಕೆ ದುಡ್ಡು ಕಟ್ಟಬೇಕು?

ಮಾನ್ಯ ಸಂಪಾದಕರೇ,

ಮಳೆಗಾಲ ಶುರುವಾದರೆ ಕೊಡಗಿನ ಹಳ್ಳಿಗಳಲ್ಲಿ ಮೊದಲು ಕರೆಂಟ್ ಹೋಗುತ್ತದೆ, ಅದರ ಹಿಂದೆಯೇ ಇಂಟರ್‌ನೆಟ್. ಕರೆಂಟ್ ಇಲ್ಲದಾಗ ಮೀಟರ್ ಓಡುವುದಿಲ್ಲ, ಉರಿಸದ ಯೂನಿಟ್‌ಗೆ ಯಾರೂ ದುಡ್ಡು ಕೇಳುವುದಿಲ್ಲ. ಇಂಟರ್‌ನೆಟ್ ಹಾಗಲ್ಲ. ಸಿಲ್ವರ್ ಓಕ್ ಕೊಂಬೆ ಮುರಿದು ಬಿದ್ದು, ಫೈಬರ್ ತುಂಡಾಗಿ ರಸ್ತೆ ಬದಿಯಲ್ಲಿ ನೇತಾಡುತ್ತಿದ್ದರೂ, ಜೋಡಿಸುವವರು ಬರುವುದು ವಾರ ಕಳೆದ ಮೇಲಾದರೂ, ತಿಂಗಳ ಬಿಲ್ ಮಾತ್ರ ಪೂರ್ತಿ ಬರುತ್ತದೆ. ನಾವೂ ಗೊಣಗಿಕೊಂಡು ಕಟ್ಟುತ್ತೇವೆ. ಇದು ಸರಿಯಲ್ಲ.

ಕೊಡಗಿನಲ್ಲಿ ಬ್ರಾಡ್‌ಬ್ಯಾಂಡ್ ದುಬಾರಿ ಅಂದರೆ ಬೆಂಗಳೂರಿನಲ್ಲಿರುವ ನಮ್ಮವರೇ ನಂಬುವುದಿಲ್ಲ. ಎಲ್ಲ ಕಡೆ ರೇಟ್ ಒಂದೇ ಅಲ್ವಾ ಅಂತ ಕೇಳುತ್ತಾರೆ. ಜಾಹೀರಾತಿನಲ್ಲಿ ಒಂದೇ ಇರಬಹುದು. 499 ರೂಪಾಯಿಯ ಪ್ಲಾನ್ ಅಂತಲೇ ಇಟ್ಟುಕೊಳ್ಳಿ. ಅದಕ್ಕೆ ಶೇ 18 ಜಿಎಸ್‌ಟಿ ಸೇರಿದರೆ 589 ರೂಪಾಯಿ. ತಿಂಗಳಿಡೀ ನೆಟ್ ಬರುವ ಮನೆಗೆ ದಿನಕ್ಕೆ 20 ರೂಪಾಯಿಗಿಂತ ಸ್ವಲ್ಪ ಕಡಿಮೆ ಬಿತ್ತು. ಜುಲೈ ತಿಂಗಳಲ್ಲಿ 20 ದಿನ ಮಾತ್ರ ನೆಟ್ ಬಂದ ಮನೆಗೆ ಅದೇ ಪ್ಲಾನ್ ದಿನಕ್ಕೆ 29 ರೂಪಾಯಿ ದಾಟಿತು. ಅಂದರೆ ಕೆಟ್ಟ ಸೇವೆ ಪಡೆಯುವವರೇ ಜಾಸ್ತಿ ಕೊಡುತ್ತಿದ್ದೇವೆ. ಇನ್ನು ತೋಟದೊಳಗಿನ ಮನೆಗಳ ಕಥೆ ಬೇರೆಯೇ. ಮನೆಯಿಂದ ಮನೆಗೆ ದೂರ, ರಸ್ತೆಯ ಕಂಬದಿಂದ ಅಂಗಳಕ್ಕೆ ಇನ್ನೂ ದೂರ. ನಮ್ಮ ಮನೆಗೆ ಲೈನ್ ಹಾಕುವಾಗ ಕೇಬಲ್‌ಗೆ ಮೀಟರ್ ಲೆಕ್ಕದಲ್ಲಿ ಬೇರೆ ದುಡ್ಡು ತೆಗೆದುಕೊಂಡರು, ಆರು ತಿಂಗಳ ಹಣ ಮೊದಲೇ ಕಟ್ಟಿಸಿಕೊಂಡರು. ಮುಂಗಡ ಕಟ್ಟಿದ ಮೇಲೆ ಸಿಟ್ಟು ಮಾಡಿಕೊಂಡು ಬೇರೆ ಕಂಪನಿಗೆ ಹೋಗುವ ದಾರಿಯೂ ಮುಚ್ಚಿತು. ಬೇರೆ ಕಂಪನಿ ನಮ್ಮ ಕಡೆ ಬರುವುದೂ ಇಲ್ಲ, ಆ ಮಾತು ಬಿಡಿ.

ಇದು ಸಿನಿಮಾ ನೋಡುವವರ ದೂರು ಅಂತ ಯಾರೂ ತಳ್ಳಿಹಾಕಬಾರದು. ಕೊರೊನಾ ಸಮಯದಲ್ಲಿ ನಮ್ಮ ಮಕ್ಕಳು ಕೊಡೆ ಹಿಡಿದು ಗುಡ್ಡ ಹತ್ತಿ ಪಾಠ ಕೇಳಿದ್ದನ್ನು ಎಲ್ಲರೂ ನೋಡಿದ್ದೇವೆ. ಶನಿವಾರಸಂತೆ ಕಡೆಯ ಸರ್ಕಾರಿ ಶಾಲೆಯ ಮೇಷ್ಟ್ರೊಬ್ಬರು ನೆಟ್‌ವರ್ಕ್ ಸಿಗಲಿ ಅಂತ ಮರದ ಮೇಲೆ ಗುಡಿಸಲು ಕಟ್ಟಿ, ಅಲ್ಲಿಂದ ಪಾಠ ಮಾಡಿದರು. ಆಗ ಎಲ್ಲರೂ ಅವರನ್ನು ಹೊಗಳಿದೆವು. ಹೊಗಳಬೇಕಾದ್ದೇ. ಆದರೆ ಮೇಷ್ಟ್ರು ಮರ ಹತ್ತುವ ಸ್ಥಿತಿ ಯಾಕೆ ಬಂತು ಅಂತ ಕೇಳಿದವರು ಕಡಿಮೆ. ಈಗ ರೇಷನ್ ಕಾರ್ಡಿನ ಇ-ಕೆವೈಸಿ, ಬೆಳೆ ಪರಿಹಾರದ ಅರ್ಜಿ, ಸ್ಕಾಲರ್‌ಶಿಪ್, ಪಿಂಚಣಿ ಎಲ್ಲವೂ ಆನ್‌ಲೈನ್. ಲೈನ್ ಮನೆಯಲ್ಲಿ, ಅಂದರೆ ತೋಟದ ಸಾಲು ಮನೆಗಳಲ್ಲಿ ಇರುವ ಕೆಲಸಗಾರರು ಇದಕ್ಕಾಗಿ ಒಂದು ದಿನದ ಕೂಲಿ ಬಿಟ್ಟು, ಬಸ್ಸಿಗೆ ದುಡ್ಡು ಕೊಟ್ಟು ಪೇಟೆಗೆ ಹೋಗುತ್ತಾರೆ, ಅಲ್ಲಿ 'ಸರ್ವರ್ ಇಲ್ಲ, ನಾಳೆ ಬನ್ನಿ' ಅನ್ನಿಸಿಕೊಂಡು ವಾಪಸ್ ಬರುತ್ತಾರೆ. ಹೋಂ ಸ್ಟೇ ನಡೆಸುವವರಿಗೆ ಬುಕಿಂಗ್ ತಪ್ಪುತ್ತದೆ. ಊರಿಗೆ ಬಂದು ಅಪ್ಪ ಅಮ್ಮನ ಜೊತೆ ಇದ್ದುಕೊಂಡೇ ಕೆಲಸ ಮಾಡೋಣ ಅಂದುಕೊಂಡ ಹುಡುಗರು ಮೊದಲ ಮಳೆಗೇ ಬ್ಯಾಗ್ ಕಟ್ಟುತ್ತಾರೆ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದಾಗ ಯಾರು ಎಲ್ಲಿದ್ದಾರೆ ಅಂತ ತಿಳಿಯದೆ ಹೊರಗಿದ್ದವರು ಪಟ್ಟ ಸಂಕಟ ಈ ಜಿಲ್ಲೆಯವರಿಗೆ ಹೇಳಿಕೊಡಬೇಕಾಗಿಲ್ಲ.

ನನಗೆ ಜಾಸ್ತಿ ಬೇಜಾರು ತರುವುದು ಏನೆಂದರೆ, ಕೇಳಲು ನಮಗೆ ನಿಯಮದ ಬಲವಿದೆ, ಆದರೆ ಬಹಳ ಜನರಿಗೆ ಅದು ಗೊತ್ತೇ ಇಲ್ಲ. ಟೆಲಿಕಾಂ ಕಂಪನಿಗಳ ಮೇಲೆ ನಿಗಾ ಇಡುವ ನಿಯಂತ್ರಣ ಸಂಸ್ಥೆ ಟ್ರಾಯ್ 2024ರಲ್ಲಿ ಸೇವೆಯ ಗುಣಮಟ್ಟದ ಹೊಸ ನಿಯಮ ತಂದಿತು, ಆ ವರ್ಷ ಅಕ್ಟೋಬರ್ 1ರಿಂದ ಅದು ಜಾರಿಯಲ್ಲಿದೆ. ಮನೆಗೆ ತಂತಿ ಎಳೆದು ಕೊಟ್ಟ ಸಂಪರ್ಕ ಕೆಟ್ಟು ಮೂರು ದಿನದೊಳಗೆ ಸರಿಯಾಗದಿದ್ದರೆ ಗ್ರಾಹಕರಿಗೆ ಪರಿಹಾರ ಕೊಡಬೇಕು ಅಂತ ಅದರಲ್ಲಿದೆ. ಕೇಳದೆ ಯಾರೂ ಕೊಡುತ್ತಿಲ್ಲ, ಕೇಳಿದರೂ ಮಾತು ತೇಲಿಸುತ್ತಾರೆ. ನಮ್ಮ ಲೈನ್ ಕೆಟ್ಟಾಗ ನಾನು ಹಣ ಕಡಿತ ಮಾಡಿ ಅಂದೆ. ಫೋನ್ ಎತ್ತಿದವರು 'ಅದೆಲ್ಲ ನಮಗೆ ಗೊತ್ತಿಲ್ಲ ಸಾರ್, ಮಳೆ ಅಲ್ವಾ' ಅಂದರು. ಮಳೆ ಹೌದು. ಗುಡ್ಡ ಕುಸಿದು ರಸ್ತೆಯೇ ಹೋದಾಗ ಬಿಲ್ ಲೆಕ್ಕ ಹಿಡಿದು ಜಗಳ ಮಾಡುವಷ್ಟು ಸಣ್ಣ ಬುದ್ಧಿ ನಮ್ಮದಲ್ಲ. ಆದರೆ ಪ್ರತಿ ಜೂನ್‌ನಲ್ಲಿ ಅದೇ ತಿರುವಿನಲ್ಲಿ, ಅದೇ ಮರದ ಕೊಂಬೆ, ಅದೇ ಕೇಬಲ್ ಮೇಲೆ ಬಿದ್ದರೆ ಅದನ್ನು ಪ್ರಕೃತಿ ವಿಕೋಪ ಅನ್ನಲು ಆಗುತ್ತದೆಯೇ? ಮೇ ತಿಂಗಳಲ್ಲಿ ಕೊಂಬೆ ಸವರಿಸಿ, ಜೋತುಬಿದ್ದ ಕೇಬಲ್ ಬಿಗಿದು ಕಟ್ಟಿದರೆ ಅರ್ಧ ತೊಂದರೆ ತಪ್ಪುತ್ತದೆ. ತೋಟದವರು ಮಳೆಗೆ ಮುಂಚೆ ಮಾಡಿಕೊಳ್ಳುವ ತಯಾರಿ ಕಂಪನಿಯವರಿಗೆ ಮಾತ್ರ ಬೇಡವೇ?

ಹಳ್ಳಿಗಳಿಗೆ ನೆಟ್ ಕೊಡಲು ದುಡ್ಡಿಲ್ಲ ಅನ್ನುವ ಮಾತನ್ನೂ ನಾನು ಒಪ್ಪುವುದಿಲ್ಲ. ಟೆಲಿಕಾಂ ಕಂಪನಿಗಳು ಸರ್ಕಾರಕ್ಕೆ ಕಟ್ಟುವ ಲೈಸೆನ್ಸ್ ಶುಲ್ಕದಲ್ಲಿ, ಅವುಗಳ ಆದಾಯದ ಶೇ 5ರಷ್ಟು ಭಾಗ ಹಳ್ಳಿಗಳಿಗೆ ಸಂಪರ್ಕ ಕೊಡುವ ನಿಧಿಗಾಗಿಯೇ ಇದೆ. ಮೊದಲು ಯುಎಸ್‌ಒ ನಿಧಿ ಅಂತಿದ್ದ ಅದೇ ನಿಧಿ 2023ರ ಟೆಲಿಕಾಂ ಕಾಯ್ದೆಯಲ್ಲಿ ಡಿಜಿಟಲ್ ಭಾರತ್ ನಿಧಿ ಆಯಿತು. ಪಂಚಾಯಿತಿಗಳಿಗೆ ಫೈಬರ್ ಎಳೆಯುವ ಯೋಜನೆಗೆ 2011ರಲ್ಲೇ ಒಪ್ಪಿಗೆ ಸಿಕ್ಕಿತ್ತು, ಅದೇ ಈಗಿನ ಭಾರತ್‌ನೆಟ್. 2023ರಲ್ಲಿ ಅದನ್ನು ತಿದ್ದಿ 1.39 ಲಕ್ಷ ಕೋಟಿ ರೂಪಾಯಿ ಮಂಜೂರು ಮಾಡಿದರು. ಪಂಚಾಯಿತಿ ಕಚೇರಿಗೆ ಡಬ್ಬಿ ಕೂರಿಸಿದರೆ ಲೆಕ್ಕ ಮುಗಿಯಿತು ಅನ್ನುವ ಹಾಗಿಲ್ಲ, ಅಲ್ಲಿಂದ ಎರಡು ಕಿಲೋಮೀಟರ್ ಆಚೆಯ ಲೈನ್ ಮನೆಗೆ ಬಂತೇ ಅಂತ ನೋಡಬೇಕು.

ಇನ್ನೊಂದು ವಿಷಯ. 2021ರ ಆಗಸ್ಟ್‌ನಲ್ಲಿ ಟ್ರಾಯ್ ಒಂದು ಒಳ್ಳೆಯ ಶಿಫಾರಸು ಮಾಡಿತ್ತು. ಹಳ್ಳಿಗಳಲ್ಲಿ ಮನೆಗೆ ಬ್ರಾಡ್‌ಬ್ಯಾಂಡ್ ಹಾಕಿಸಿಕೊಂಡವರಿಗೆ ತಿಂಗಳ ಬಾಡಿಗೆಯ ಅರ್ಧದಷ್ಟನ್ನು, 200 ರೂಪಾಯಿ ಮೀರದಂತೆ, ನೇರವಾಗಿ ವಾಪಸ್ ಕೊಡುವುದನ್ನು ಪ್ರಾಯೋಗಿಕವಾಗಿ ನೋಡಿ ಅಂತ ಸರ್ಕಾರಕ್ಕೆ ಬರೆದಿತ್ತು. 200 ರೂಪಾಯಿ ಅಂದರೆ ತೋಟದ ಕೆಲಸಗಾರರ ಮನೆಗೆ ದೊಡ್ಡ ಹಣ. ಇಂಥ ಪ್ರಯೋಗಕ್ಕೆ ಕೊಡಗಿಗಿಂತ ಸರಿಯಾದ ಜಿಲ್ಲೆ ಯಾವುದಿದೆ? ಬೆಟ್ಟ, ಕಾಡು, ಚದುರಿದ ಮನೆಗಳು, 2011ರ ಗಣತಿಯಲ್ಲಿ ಐದೂವರೆ ಲಕ್ಷ ಜನ, ಒಂದು ರೈಲು ಕೂಡ ಇಲ್ಲ. ನಮ್ಮ ಸಂಸದರು, ಶಾಸಕರು ಈ ಶಿಫಾರಸನ್ನು ಹಿಡಿದು ದೆಹಲಿಯಲ್ಲಿ ಕೇಳಲಿ.

ಮಾಕುಟ್ಟ ದಾಟಿದರೆ, ಕುಟ್ಟ ದಾಟಿದರೆ ಕೇರಳ. ಅಲ್ಲಿನ ಸರ್ಕಾರ 2023ರ ಜೂನ್ 5ರಂದು ಕೆ-ಫೋನ್ ಅನ್ನುವ ತನ್ನದೇ ಇಂಟರ್‌ನೆಟ್ ಜಾಲ ಶುರು ಮಾಡಿತು. ವಿದ್ಯುತ್ ಮಂಡಳಿಯ ಕಂಬಗಳ ಮೇಲೆಯೇ ಫೈಬರ್ ಎಳೆದು, ಬಡ ಕುಟುಂಬಗಳಿಗೆ ಉಚಿತವಾಗಿ, ಉಳಿದವರಿಗೆ 20 ಎಂಬಿಪಿಎಸ್‌ಗೆ ಜಿಎಸ್‌ಟಿ ಬಿಟ್ಟು ತಿಂಗಳಿಗೆ 299 ರೂಪಾಯಿಯಿಂದ ಅಂತ ದರ ಪ್ರಕಟಿಸಿತು. ಅಲ್ಲೂ ಕೆಲಸ ತಡವಾಗಿದೆ, ಅಂದುಕೊಂಡಷ್ಟು ಬೇಗ ಎಲ್ಲ ಮನೆ ಮುಟ್ಟಿಲ್ಲ ಅನ್ನುವ ಟೀಕೆ ಇದೆ. ಆದರೂ ಇಂಟರ್‌ನೆಟ್ ಜನರ ಹಕ್ಕು ಅಂತ ಒಂದು ರಾಜ್ಯ ಹೇಳಿ, ಅದಕ್ಕೆ ಕೈ ಹಾಕಿತಲ್ಲ. ನಮ್ಮಲ್ಲೂ ತೋಟ ತೋಟಕ್ಕೂ ಕರೆಂಟ್ ಕೊಡುವ ಸೆಸ್ಕ್ ಕಂಪನಿಯ ಕಂಬಗಳಿವೆ. ನಮ್ಮ ರಾಜ್ಯ ಸರ್ಕಾರ ಇದರ ಬಗ್ಗೆ ಯೋಚಿಸಬಾರದೇ?

ಗ್ರಾಹಕರು ಒಟ್ಟಾದರೂ ಏನೂ ಆಗುವುದಿಲ್ಲ ಅನ್ನುವವರಿಗೆ ಒಂದು ನೆನಪು. 2015ರಲ್ಲಿ ಕೆಲವೇ ಆ್ಯಪ್‌ಗಳನ್ನು ಪುಕ್ಕಟೆ ಕೊಟ್ಟು ಉಳಿದದ್ದಕ್ಕೆ ಬೇರೆ ದರ ಹಾಕುವ ಆಲೋಚನೆ ಬಂದಾಗ ದೇಶದ ಜನ ಟ್ರಾಯ್‌ಗೆ 10 ಲಕ್ಷಕ್ಕೂ ಹೆಚ್ಚು ಇಮೇಲ್ ಕಳಿಸಿದರು. 2016ರ ಫೆಬ್ರುವರಿ 8ರಂದು ಟ್ರಾಯ್ ಅಂಥ ತಾರತಮ್ಯದ ದರಗಳನ್ನು ನಿಷೇಧಿಸಿತು. ಕಳಿಸಿದವರೆಲ್ಲ ನಮ್ಮ ನಿಮ್ಮಂಥವರೇ.

ಓದುಗರಲ್ಲಿ ನನ್ನ ಮನವಿ ಇಷ್ಟೇ. ನೆಟ್ ಹೋದ ದಿನವೇ ದೂರು ಕೊಡಿ. ಲೈನ್ ನೋಡುವ ಹುಡುಗನಿಗೆ ಸುಮ್ನೆ ವಾಟ್ಸ್‌ಆ್ಯಪ್ ಮಾಡಿದರೆ ಅದು ದೂರು ಆಗುವುದಿಲ್ಲ, ಆ ಹುಡುಗನದೂ ತಪ್ಪಿಲ್ಲ, ಮಳೆಯಲ್ಲಿ ಜಿಗಣೆ ಕಚ್ಚಿಸಿಕೊಂಡು ಕಂಬ ಹತ್ತುವವನು ಅವನೇ. ಕಂಪನಿಯ ಕಾಲ್ ಸೆಂಟರ್‌ಗೆ ಫೋನ್ ಮಾಡಿ ಡಾಕೆಟ್ ನಂಬರ್, ಅಂದರೆ ದೂರು ದಾಖಲಾದ ನಂಬರ್ ಕೇಳಿ ಬರೆದಿಟ್ಟುಕೊಳ್ಳಿ. ಅಲ್ಲಿ ಆಗದಿದ್ದರೆ ಪ್ರತಿ ಕಂಪನಿಯಲ್ಲೂ ಮೇಲ್ಮನವಿ ಪ್ರಾಧಿಕಾರ ಇರಲೇಬೇಕು, ಅವರು 39 ದಿನದೊಳಗೆ ತೀರ್ಮಾನ ಕೊಡಬೇಕು. ಅದೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಇಲ್ಲವೇ ಮಡಿಕೇರಿಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಿ. ಟೆಲಿಕಾಂ ದೂರುಗಳನ್ನು ಗ್ರಾಹಕರ ಆಯೋಗ ಕೇಳಬಹುದು ಅಂತ ಸುಪ್ರೀಂ ಕೋರ್ಟ್ 2022ರಲ್ಲಿ ಸ್ಪಷ್ಟವಾಗಿ ಹೇಳಿದೆ. 5 ಲಕ್ಷ ರೂಪಾಯಿವರೆಗಿನ ದೂರಿಗೆ ಅಲ್ಲಿ ಶುಲ್ಕವೇ ಇಲ್ಲ. ಒಂದೇ ತೊಂದರೆ ಇರುವ ಹಲವರು ಆಯೋಗದ ಅನುಮತಿ ಪಡೆದು ಸೇರಿ ದೂರು ಕೊಡಲು 2019ರ ಗ್ರಾಹಕರ ರಕ್ಷಣಾ ಕಾಯ್ದೆಯಲ್ಲಿ ಅವಕಾಶ ಇದೆ. ಒಬ್ಬರು 200 ರೂಪಾಯಿಗಾಗಿ ಮಡಿಕೇರಿಗೆ ಓಡಾಡುವುದು ಕಷ್ಟ. ಒಂದು ಊರಿನ ನೂರು ಮನೆ ಸೇರಿದರೆ ಅದು ಬೇರೆಯೇ ಮಾತು.

ನಮ್ಮ ಊರಿನ ಕೆಲವರು ಮುಂದಿನ ಗ್ರಾಮಸಭೆಯಲ್ಲಿ ಈ ವಿಷಯ ಇಡಬೇಕು, ಮನೆ ಮನೆಯ ಡಾಕೆಟ್ ನಂಬರ್‌ಗಳನ್ನು ಒಂದೇ ಪಟ್ಟಿ ಮಾಡಬೇಕು ಅಂತ ಮಾತಾಡಿಕೊಂಡಿದ್ದೇವೆ. ಭಾಗಮಂಡಲ, ಬಿರುನಾಣಿ, ಕರಿಕೆ, ಶಾಂತಳ್ಳಿ ಕಡೆಯವರೂ ತಮ್ಮ ತಮ್ಮ ಪಂಚಾಯಿತಿಗಳಲ್ಲಿ ಹೀಗೆಯೇ ಪಟ್ಟಿ ಮಾಡಲಿ. ಜಿಲ್ಲಾಧಿಕಾರಿಗಳು ಮಳೆಗಾಲಕ್ಕೆ ಮುಂಚೆ ನಡೆಸುವ ಸಭೆಗೆ ಇಂಟರ್‌ನೆಟ್ ಕಂಪನಿಯವರನ್ನೂ ಕರೆದು, ಕೆಟ್ಟ ದಿನಗಳ ಹಣವನ್ನು ಗ್ರಾಹಕರು ಕೇಳದೆಯೇ ಬಿಲ್‌ನಲ್ಲಿ ಕಳೆಯುತ್ತೀರಾ ಇಲ್ಲವಾ ಅಂತ ಎಲ್ಲರೆದುರು ಕೇಳಬೇಕು.

ಇಂತಿ,
ಒಬ್ಬ ಸಣ್ಣ ಕಾಫಿ ಬೆಳೆಗಾರ
ನಾಪೋಕ್ಲು, ಕೊಡಗು